ಕೊಟ್ಟದ್ದು ಸಿಗಬೇಕಾದರೆ

ಬೇಲೂರಿನ ಚೆನ್ನಕೇಶವ ದೇವಾಲಯದ ಫೋಟೊಗಳಿಗೆ ವಿಕಿಮೀಡಿಯ ಕಾಮನ್ಸ್‌ನಲ್ಲಿ ಬರವಿಲ್ಲ. ಜಗತಿ, ಆನೆಗಳ ಸಾಲು, ಕಡೆದ ಕಂಬ, ಮದನಿಕೆಯರು, ಎಲ್ಲವೂ ಬಗೆಬಗೆಯ ಕೋನದಿಂದ, ಬಗೆಬಗೆಯ ಬೆಳಕಿನಲ್ಲಿ ಸಿಗುತ್ತವೆ. ಆದರೆ ಹೊಯ್ಸಳರ ಕಾಲದಲ್ಲಿ ಚರ್ಮವಾದ್ಯವನ್ನು ಹೇಗೆ ಹಿಡಿಯುತ್ತಿದ್ದರು, ಹೇಗೆ ಬಾರಿಸುತ್ತಿದ್ದರು ಎಂದು ತಿಳಿಯಲು ಸಂಗೀತದ ವಿದ್ಯಾರ್ಥಿನಿಯೊಬ್ಬಳು ಅಲ್ಲಿಗೆ ಬಂದರೆ ಬರಿಗೈಯಲ್ಲಿ ವಾಪಸಾಗುವ ಸಂಭವವೇ ಹೆಚ್ಚು. ಅವಳಿಗೆ ಬೇಕಾದ ಚಿತ್ರ ಅಲ್ಲಿ ಇದ್ದರೂ ಇರಬಹುದು. ಆದರೆ ಅದರ ಹೆಸರು ‘ಬೇಲೂರು ಶಿಲ್ಪ 7’ ಎಂದೋ ಏನೋ ಇರುತ್ತದೆ. ಫೋಟೊ ತೆಗೆದವರಿಗೆ ಅದು ಬೇಲೂರಿಗೆ ಹೋಗಿದ್ದ ದಿನದ ಏಳನೆಯ ಚಿತ್ರ. ಅವಳಿಗೆ ಅದು ವಾದ್ಯ. ಕಲ್ಲಿನಲ್ಲಿ ಎರಡೂ ಒಂದೇ ಆಗಿದ್ದರೂ ಹುಡುಕಾಟದ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಪರಿಚಯವೇ ಇಲ್ಲ.

ಸಾರ್ವಜನಿಕ ಚಿತ್ರಕೋಶಗಳ ವಿಷಯ ಬಂದಾಗ ನಾವು ಕೊಡುವವರನ್ನು ಹೊಗಳುತ್ತೇವೆ, ಹುಡುಕುವವರನ್ನು ಮರೆಯುತ್ತೇವೆ. 2004ರ ಸೆಪ್ಟೆಂಬರಿನಲ್ಲಿ ಶುರುವಾದ ಕಾಮನ್ಸ್‌ನಲ್ಲಿ ಈಗ ಹತ್ತು ಕೋಟಿಗೂ ಮೀರಿ ಕಡತಗಳಿವೆ: ಫೋಟೊ, ನಕ್ಷೆ, ಧ್ವನಿಮುದ್ರಣ, ವಿಡಿಯೊ, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕ. ಯಾರು ಬೇಕಾದರೂ ಸೇರಿಸಬಹುದು, ಪರವಾನಗಿಯ ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಬಹುದು. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾದ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಎಂಬ ಫೋಟೊ ಸ್ಪರ್ಧೆ 2012ರಲ್ಲಿ ಭಾರತಕ್ಕೂ ಬಂತು. ಇಂಥ ಸ್ಪರ್ಧೆ ಮುಗಿದಾಗಲೆಲ್ಲ ಎಷ್ಟು ಚಿತ್ರ ಬಂದವು ಎಂಬ ಲೆಕ್ಕ ಸಂಭ್ರಮದಿಂದ ಹೊರಬೀಳುತ್ತದೆ. ಎಷ್ಟು ಚಿತ್ರಗಳಿಗೆ ಅಪರಿಚಿತರಿಗೂ ಅರ್ಥವಾಗುವ ವಿವರಣೆ ಇದೆ ಎಂಬ ಲೆಕ್ಕಕ್ಕೆ ಬಹುಮಾನವಿಲ್ಲ. ಏರಿಸುವುದು ಕಣ್ಣಿಗೆ ಕಾಣುವ ಕೆಲಸ, ಹೊಂದಿಸಿಡುವುದು ಕಾಣದ ಕೆಲಸ. ಕಾಣದ ಕೆಲಸ ಸಾಲವಾಗಿ ಬೆಳೆಯುತ್ತ ಹೋಗುತ್ತದೆ. ವರ್ಗವಿಲ್ಲದ ಕಡತಗಳದ್ದೇ ಒಂದು ವರ್ಗ ಅಲ್ಲಿದೆ, ಮತ್ತು ಅದು ಎಂದೂ ಖಾಲಿಯಾಗುವುದಿಲ್ಲ.

ಈ ಕಾಣದ ಕೆಲಸಕ್ಕೆ ಬಿಡುವಿನ ವೇಳೆಯಲ್ಲಿ ಕೂತು ಬೇರೆಯವರ ಚಿತ್ರಗಳಿಗೆ ವಿವರಣೆ ಬರೆಯುತ್ತ ಹೋದಾಗ ನನಗೆ ಮೊದಲು ಎದುರಾದದ್ದು ‘ನಮ್ಮೂರ ಜಾತ್ರೆ’. ತೇರಿದೆ, ಜನರಿದ್ದಾರೆ, ಬಾಳೆಹಣ್ಣು ಎಸೆಯುವ ಕೈಗಳಿವೆ. ಊರು ಯಾವುದು, ದೇವರು ಯಾರು, ವರ್ಷ ಯಾವುದು, ಒಂದೂ ಇಲ್ಲ. ಬರೆದವರಿಗೆ ಇವೆಲ್ಲ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಬರೆಯಬೇಕೆಂದು ಅನ್ನಿಸಲೇ ಇಲ್ಲ. ಅಂಥ ವಿವರಣೆ ಒಂದು ಮನೆಯ ಆಲ್ಬಮ್ಮಿಗೆ ಸಾಕು. ಅಲ್ಲಿ ಪಕ್ಕದಲ್ಲಿ ಕೂತು ‘ಇದು ನಿನ್ನ ಸೋದರತ್ತೆ ಕಣೋ, ಇದು ಕೆರೆ ಏರಿ’ ಎಂದು ಬೆರಳಿಟ್ಟು ತೋರಿಸುವವರು ಇರುತ್ತಾರೆ. ಎಲ್ಲರ ಚಿತ್ರಕೋಶದಲ್ಲಿ ಪಕ್ಕದಲ್ಲಿ ಕೂರುವವರು ಯಾರೂ ಇಲ್ಲ. ಅವರ ಜಾಗದಲ್ಲಿ ಇರುವುದು ನಾವು ಬರೆದಿಟ್ಟ ಎರಡು ಸಾಲು ಮಾತ್ರ.

ಹಾಗಾದರೆ ವರ್ಗೀಕರಣವನ್ನು ಇನ್ನಷ್ಟು ಬಿಗಿಮಾಡಿದರೆ ಆಗದೆ? ಕಾಮನ್ಸ್‌ನ ಹಳೆಯ ದಾರಿ ಅದೇ. ಭಾರತದ ಕೆಳಗೆ ಕರ್ನಾಟಕ, ಅದರ ಕೆಳಗೆ ಹಾಸನ ಜಿಲ್ಲೆ, ಅದರ ಕೆಳಗೆ ಬೇಲೂರು, ಅದರ ಕೆಳಗೆ ದೇವಾಲಯ, ದೇವಾಲಯದ ಕೆಳಗೆ ಹೊರಗೋಡೆಯ ಶಿಲ್ಪಗಳು. ಹೀಗೆ ಬೇರು ಇಳಿದಂತೆ ವರ್ಗಗಳು ಇಳಿಯುತ್ತವೆ. ಕಡತವನ್ನು ಅದಕ್ಕೆ ಒಪ್ಪುವ ತೀರಾ ಕೆಳಗಿನ ವರ್ಗದಲ್ಲಿ ಇಡಬೇಕು, ಮೇಲಿನ ವರ್ಗದಲ್ಲಿ ಮತ್ತೊಮ್ಮೆ ಇಡಬಾರದು ಎಂಬುದು ನಿಯಮ. ನಿಯಮದ ಉದ್ದೇಶ ಒಳ್ಳೆಯದು. ಇಲ್ಲದಿದ್ದರೆ ‘ಭಾರತ’ ಎಂಬ ಒಂದೇ ವರ್ಗದಲ್ಲಿ ಲಕ್ಷಾಂತರ ಚಿತ್ರಗಳು ರಾಶಿ ಬೀಳುತ್ತವೆ. ಆದರೆ ಪರಿಣಾಮ ವಿಚಿತ್ರ. ಚಿತ್ರಗಳನ್ನು ಎಷ್ಟು ಶಿಸ್ತಾಗಿ ಕೆಳಗಿಳಿಸುತ್ತೇವೋ ಮೇಲಿನ ಅಂಗಳ ಅಷ್ಟು ಬರಿದಾಗುತ್ತದೆ. ದೇವಾಲಯ ವಾಸ್ತುವಿನ ಬಗ್ಗೆ ಏನೂ ಗೊತ್ತಿಲ್ಲದೆ ಹೊಸದಾಗಿ ಬಂದವರು ಮೇಲಿನ ವರ್ಗ ತೆರೆದರೆ ಅಲ್ಲಿ ಕಾಣುವುದು ಉಪವರ್ಗಗಳ ಪಟ್ಟಿ, ಜೊತೆಗೆ ಯಾರೋ ಅವಸರದಲ್ಲಿ ಬಿಟ್ಟುಹೋದ ಕೆಲವು ಚಿತ್ರಗಳು. ಒಳ್ಳೆಯ ಚಿತ್ರಗಳೆಲ್ಲ ಆರು ಮೆಟ್ಟಿಲು ಕೆಳಗಿವೆ. ಅಷ್ಟು ಇಳಿಯಬೇಕಾದರೆ ಹುಡುಕುವವರಿಗೆ ಉತ್ತರ ಅರ್ಧ ಮೊದಲೇ ಗೊತ್ತಿರಬೇಕು.

ಇನ್ನೂ ಒಂದು ತೊಡಕಿದೆ. ವರ್ಗಗಳ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕು, ಸಸ್ಯ ಪ್ರಾಣಿಗಳದ್ದು ವೈಜ್ಞಾನಿಕ ಹೆಸರಿನಲ್ಲಿರಬೇಕು ಎಂದು ಅಲ್ಲಿನ ನೀತಿ ಹೇಳುತ್ತದೆ. ಇಷ್ಟು ಭಾಷೆಗಳ ಜನ ಸೇರಿ ಕಟ್ಟುವ ಕೋಶಕ್ಕೆ ಒಂದು ಸಾಮಾನ್ಯ ನುಡಿ ಬೇಕು, ಸರಿಯೇ. ಆದರೆ ಹಲಸಿನ ಚಿತ್ರ ಬೇಕಾದ ಶಿರಸಿಯ ರೈತ ‘ಆರ್ಟೋಕಾರ್ಪಸ್ ಹೆಟೆರೋಫಿಲಸ್’ ಎಂಬ ಬಾಗಿಲು ತಟ್ಟಬೇಕಾಗುತ್ತದೆ. ಕನ್ನಡದಲ್ಲೇ ಹುಡುಕಿದರೆ ಅಲ್ಲಿ ಬೇರೆ ಗೋಜಲು. ಹಲಸು, ಹಲಸಿನ, ಹಲಸಿನಹಣ್ಣು ನಮಗೆ ಒಂದೇ ಮರದವು. ಪದಕ್ಕೆ ವಿಭಕ್ತಿ ಹತ್ತುವ ಬಗೆಯನ್ನು ಕಲಿಯದ ಯಂತ್ರಕ್ಕೆ ಮೂರೂ ಬೇರೆ ಬೇರೆ ಅಕ್ಷರಸಾಲುಗಳು. ಚೆನ್ನಕೇಶವ, ಚನ್ನಕೇಶವ, ಹಳೇಬೀಡು, ಹಳೆಬೀಡು, ನಮ್ಮ ಬರವಣಿಗೆಯೂ ಒಂದೇ ದಾರಿಯಲ್ಲಿಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದ ಮೇಲೆ ಅದಕ್ಕೂ ಹಿಂದಿನ ಚಿತ್ರಗಳು ಒಂದು ಕಾಗುಣಿತದಲ್ಲಿ, ನಂತರದವು ಇನ್ನೊಂದರಲ್ಲಿ ಉಳಿದುಕೊಂಡವು. ಇತ್ತ ‘ಕೃಷ್ಣಾ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ನದಿ, ದೇವರು, ಜಿಲ್ಲೆ, ನಟ, ಎಲ್ಲರೂ ಒಟ್ಟಿಗೇ ಓಗೊಡುತ್ತಾರೆ.

ಇಲ್ಲಿ ನನಗೆ ನೆನಪಾಗುವವರು ಎಸ್. ಆರ್. ರಂಗನಾಥನ್. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸ ಕಲಿಯಲೆಂದು ಲಂಡನ್ನಿಗೆ ಹೋದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಜೋಡಣೆಯ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು. ಜೋಡಿಸಿದ ಹಾಗೆ ಒಮ್ಮೆ ಸೇತುವೆ, ಒಮ್ಮೆ ಕ್ರೇನ್. ವಿಷಯಗಳನ್ನೂ ಹೀಗೇ ಬಿಡಿಭಾಗಗಳಾಗಿ ಇಟ್ಟುಕೊಂಡು ಬೇಕಾದಾಗ ಜೋಡಿಸಬಾರದೇಕೆ ಎಂಬ ಯೋಚನೆಯಿಂದ ಹುಟ್ಟಿದ್ದು 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ. ಎಲ್ಲ ವಿಷಯಗಳಿಗೂ ಮೊದಲೇ ಗೂಡು ಕೊರೆದಿಡುವ ಬದಲು, ಮುಖ್ಯ ವಸ್ತು ಯಾವುದು, ಯಾವ ದ್ರವ್ಯದ್ದು, ಏನು ನಡೆಯುತ್ತಿದೆ, ಎಲ್ಲಿ, ಯಾವಾಗ ಎಂಬ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅದರ ತಿರುಳು. ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅಂಗವಾಗಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಈ ಊರಿನಲ್ಲೇ ತೀರಿಕೊಂಡರು.

ಬೇಲೂರಿನ ಆ ಶಿಲ್ಪವನ್ನು ರಂಗನಾಥನ್ ಅವರ ಕಣ್ಣಿನಿಂದ ನೋಡಿದರೆ ಅದು ಒಂದೇ ಗೂಡಿನಲ್ಲಿ ಕೂರುವುದಿಲ್ಲ. ವಸ್ತು: ವಾದ್ಯ ನುಡಿಸುವ ಹೆಣ್ಣು. ದ್ರವ್ಯ: ಬಳಪದ ಕಲ್ಲು. ಕ್ರಿಯೆ: ನರ್ತನ. ಸ್ಥಳ: ಬೇಲೂರು. ಕಾಲ: 12ನೆಯ ಶತಮಾನ. ಇದರಲ್ಲಿ ಯಾವ ತುದಿ ಹಿಡಿದು ಎಳೆದರೂ ಚಿತ್ರ ಬರಬೇಕು. ಭೂವಿಜ್ಞಾನಿ ಕಲ್ಲಿನಿಂದ ಬರುತ್ತಾರೆ, ನೃತ್ಯಗಾತಿ ಭಂಗಿಯಿಂದ ಬರುತ್ತಾರೆ, ಒಡವೆ ವಿನ್ಯಾಸ ಮಾಡುವವರು ತೋಳಬಂದಿಯಿಂದ ಬರುತ್ತಾರೆ, ನಮ್ಮ ವಿದ್ಯಾರ್ಥಿನಿ ವಾದ್ಯದಿಂದ. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ಒಂದು ಓದುಗರ ಸಮಯ ಉಳಿಸುವ ಬಗ್ಗೆ. ಇನ್ನೊಂದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕಾದ ಬಗ್ಗೆ. ಈ ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ. ಓದುಗರಿಗೆ ಪುಸ್ತಕ ಸಿಗದಿದ್ದರೆ ದೂರಲು ಓದುಗರಿದ್ದಾರೆ. ಪುಸ್ತಕಕ್ಕೆ ಓದುಗ ಸಿಗದಿದ್ದರೆ ಅದರ ಪರವಾಗಿ ದೂರುವವರು ಯಾರೂ ಇಲ್ಲ.

ರಂಗನಾಥನ್ ಅವರ ಈ ಯೋಚನೆಗೆ ಹತ್ತಿರದ ಸಂಗತಿಯೊಂದು ಕಾಮನ್ಸ್‌ಗೂ ಬಂತು. 2017ರಲ್ಲಿ ಸ್ಲೋನ್ ಪ್ರತಿಷ್ಠಾನ ಕೊಟ್ಟ ಸುಮಾರು 30 ಲಕ್ಷ ಡಾಲರುಗಳ ಅನುದಾನದಿಂದ ಕೆಲಸ ಶುರುವಾಗಿ, 2019ರಲ್ಲಿ ಎರಡು ಸೌಲಭ್ಯಗಳು ದೊರೆತವು. ಮೊದಲನೆಯದು, ಪ್ರತಿ ಚಿತ್ರಕ್ಕೂ ಬೇರೆ ಬೇರೆ ಭಾಷೆಗಳಲ್ಲಿ ಚಿಕ್ಕ ಶೀರ್ಷಿಕೆ ಕೊಡುವ ಅವಕಾಶ. ಎರಡನೆಯದು, ‘ಈ ಚಿತ್ರದಲ್ಲಿ ಏನಿದೆ’ ಎಂಬುದನ್ನು ವಿಕಿಡೇಟಾ ಎಂಬ ಮುಕ್ತ ದತ್ತಾಂಶಕೋಶದ ನಮೂದಿಗೆ ಕೊಂಡಿ ಹಾಕಿ ಹೇಳುವ ಅವಕಾಶ. ಎರಡನೆಯದರ ಬಲ ತಕ್ಷಣ ಕಾಣುವುದಿಲ್ಲ. ವಿಕಿಡೇಟಾದಲ್ಲಿ ಹಲಸಿಗೆ ಒಂದು ನಮೂದಿದೆ. ಅದಕ್ಕೆ ನೂರಾರು ಭಾಷೆಗಳಲ್ಲಿ ಹೆಸರು ಕೊಡಬಹುದು, ಪ್ರತಿ ಭಾಷೆಯಲ್ಲೂ ಪರ್ಯಾಯ ಹೆಸರುಗಳನ್ನು ಸೇರಿಸಬಹುದು. ಮಲಯಾಳಿಯೊಬ್ಬರು ತಮ್ಮ ಹಿತ್ತಲಿನ ಚಿತ್ರ ಏರಿಸಿ ಆ ನಮೂದಿಗೆ ಕೊಂಡಿ ಹಾಕಿದರೆ, ಕನ್ನಡದಲ್ಲಿ ‘ಹಲಸು’ ಎಂದು ಹುಡುಕಿದವರಿಗೂ ಅದು ಸಿಗುವ ದಾರಿ ತೆರೆಯುತ್ತದೆ, ಆ ಚಿತ್ರದ ಪುಟದಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲದಿದ್ದರೂ. ಕೃಷ್ಣಾ ನದಿ, ಕೃಷ್ಣ ದೇವರು ಇಲ್ಲಿ ಬೇರೆ ಬೇರೆ ನಮೂದುಗಳು, ಬೆರೆಯುವುದಿಲ್ಲ. ಬ್ಯಾಂಗಲೋರ್, ಬೆಂಗಳೂರು ಒಂದೇ ನಮೂದು, ಒಡೆಯುವುದಿಲ್ಲ.

ಇದರಿಂದ ಕನ್ನಡಿಗರಿಗೆ ಒದಗುವ ಲಾಭವನ್ನು ನಾವಿನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ ಅನ್ನಿಸುತ್ತದೆ. ಹತ್ತು ಕೋಟಿ ಚಿತ್ರಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುವುದು ಯಾರಿಂದಲೂ ಆಗದ ಮಾತು. ಆದರೆ ವಿಕಿಡೇಟಾದಲ್ಲಿ ಒಂದು ಪದಾರ್ಥಕ್ಕೆ, ಒಂದು ಹಕ್ಕಿಗೆ, ಒಂದು ಉಪಕರಣಕ್ಕೆ ಕನ್ನಡದ ಹೆಸರನ್ನೂ ಅದರ ಪರ್ಯಾಯಗಳನ್ನೂ ಸೇರಿಸಿದರೆ, ಆ ನಮೂದಿಗೆ ಕೊಂಡಿ ಬಿದ್ದ ಪ್ರಪಂಚದ ಚಿತ್ರಗಳೆಲ್ಲ ಒಮ್ಮೆಲೇ ಕನ್ನಡಕ್ಕೆ ತೆರೆದುಕೊಳ್ಳುತ್ತವೆ. ನೇಗಿಲಿಗೆ, ಒರಳಿಗೆ, ಮಗ್ಗಕ್ಕೆ ನಮ್ಮ ಹೆಸರುಗಳಿವೆ; ಅವು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ ಕೂಡ. ಅವನ್ನೆಲ್ಲ ಪರ್ಯಾಯಗಳಾಗಿ ಸೇರಿಸುವುದಕ್ಕೆ ಕ್ಯಾಮೆರಾ ಬೇಕಿಲ್ಲ, ಪ್ರವಾಸ ಬೇಕಿಲ್ಲ. ಬಳ್ಳಾರಿಯ ಅಜ್ಜಿಯ ಮಾತನ್ನೂ ಮಂಗಳೂರಿನ ಅಜ್ಜಿಯ ಮಾತನ್ನೂ ಸಮಾನವಾಗಿ ಕಾಣುವ ಕಿವಿ ಇದ್ದರೆ ಸಾಕು.

ಇಷ್ಟೆಲ್ಲ ಕೈಯಿಂದ ಯಾಕೆ, ಯಂತ್ರವೇ ನೋಡಿ ಹೇಳಲಿ ಎಂಬುದು ಈಗ ಎಲ್ಲರ ನಾಲಿಗೆಯಲ್ಲಿರುವ ಪ್ರಶ್ನೆ. ಕಾಮನ್ಸ್ ಅದನ್ನೂ ಮಾಡಿ ನೋಡಿತು. 2020ರ ಹೊತ್ತಿಗೆ, ಚಿತ್ರದಲ್ಲಿ ಏನಿದೆ ಎಂದು ಯಂತ್ರ ಸೂಚಿಸುವ, ಮನುಷ್ಯರು ಒಪ್ಪುವ ಅಥವಾ ತಳ್ಳಿಹಾಕುವ ವ್ಯವಸ್ಥೆಯೊಂದು ಬಂತು. ಸೂಚನೆಗಳು ತೀರಾ ಸಾಮಾನ್ಯವಾದವು, ಉಪಯೋಗಕ್ಕಿಂತ ಕಸವೇ ಹೆಚ್ಚು ಎಂಬ ದೂರುಗಳು ಬಂದವು. ಕೆಲವು ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಕಾರಣ ಊಹಿಸುವುದು ಕಷ್ಟವಲ್ಲ. ಬಡಗುತಿಟ್ಟು ಯಕ್ಷಗಾನದ ವೇಷಧಾರಿಯ ಫೋಟೊ ಕಂಡರೆ ಅಂಥ ಯಂತ್ರ ‘ಉಡುಪು, ಕುಣಿತ, ಸಂಪ್ರದಾಯ’ ಎನ್ನುತ್ತದೆ. ಅದು ಸುಳ್ಳಲ್ಲ. ಆದರೆ ಆಟ ನೋಡಿ ಬೆಳೆದವರು ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಂಡ ಕೂಡಲೇ ಇದು ಎಳೆಯ ವೀರನ ವೇಷ, ಅಭಿಮನ್ಯುವೋ ಬಭ್ರುವಾಹನನೋ ಇರಬೇಕು ಎನ್ನುತ್ತಾರೆ. ಯಂತ್ರಗಳ ನೋಟ ದಿನೇದಿನೇ ಚುರುಕಾಗುತ್ತಿದೆ, ನಾಳೆ ಅದು ಕೇದಗೆ ಮುಂದಲೆಯನ್ನೂ ಕಲಿಯಬಹುದು. ಆದರೆ ಅದು ಕಲಿಯುವುದು ಯಾರೋ ಹೆಸರಿಟ್ಟು ಬರೆದಿಟ್ಟ ಚಿತ್ರಗಳಿಂದಲೇ. ನಾವು ಬರೆಯದೆ ಬಿಟ್ಟದ್ದು ಅದಕ್ಕೂ ತಿಳಿಯದು.

ಬರೆಯುವುದು ಒಬ್ಬರಿಂದಲೇ ಆಗಬೇಕೆಂದೇನೂ ಇಲ್ಲ. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸುಮಾರು 3 ಸಾವಿರ ಹಳೆಯ ಚಿತ್ರಗಳನ್ನು ಫೋಟೊ ಹಂಚುವ ಜಾಲತಾಣವಾದ ಫ್ಲಿಕರ್‌ನಲ್ಲಿ ಇಟ್ಟು, ಗೊತ್ತಿದ್ದವರು ವಿವರ ಸೇರಿಸಿ ಎಂದು ಕೇಳಿಕೊಂಡಿತು. ನೋಡುಗರು ಊರು, ಕಟ್ಟಡ, ವ್ಯಕ್ತಿಗಳನ್ನು ಗುರುತಿಸಿದರು. ಪರಿಶೀಲಿಸಿದ ಮೇಲೆ ಲೈಬ್ರರಿ ತನ್ನ ದಾಖಲೆಗಳನ್ನೇ ತಿದ್ದಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಕೈವ್ ಸುಮಾರು 80 ಸಾವಿರ ಚಿತ್ರಗಳನ್ನು ಕಾಮನ್ಸ್‌ಗೆ ಕೊಟ್ಟಾಗಲೂ ಸ್ವಯಂಸೇವಕರು ಶೀರ್ಷಿಕೆಗಳಲ್ಲಿನ ತಪ್ಪುಗಳನ್ನು ಪಟ್ಟಿಮಾಡಿ ಹಿಂದಿರುಗಿಸಿದರು. ಸಂಸ್ಥೆಗಳು ಕೊಡುವುದರಿಂದ ಕಳೆದುಕೊಳ್ಳುತ್ತೇವೆ ಎಂದು ಹೆದರುವಲ್ಲಿ ಈ ಎರಡು ಪ್ರಸಂಗಗಳು ಬೇರೆಯೇ ಪಾಠ ಹೇಳುತ್ತವೆ: ಕೊಟ್ಟ ಚಿತ್ರಕ್ಕೆ ಬೆಲೆಯಾಗಿ ಜ್ಞಾನ ಹಿಂದಿರುಗಿ ಬಂತು. ನಮ್ಮ ವಿಶ್ವವಿದ್ಯಾಲಯಗಳ, ಪತ್ರಿಕಾ ಕಚೇರಿಗಳ ಬೀರುಗಳಲ್ಲಿ ‘ಸಮಾರಂಭ’ ಎಂದಷ್ಟೇ ಬರೆದ ಲಕೋಟೆಗಳು ಎಷ್ಟಿವೆಯೋ. ಆ ಸಮಾರಂಭದಲ್ಲಿ ಕುಳಿತಿದ್ದವರು ಇನ್ನೂ ಬದುಕಿರುವಾಗಲೇ ಅವು ಹೊರಬಂದರೆ ಹೆಸರು ಸಿಗುತ್ತವೆ.

ಹುಡುಕಿದ ಚಿತ್ರ ಸಿಕ್ಕ ಮೇಲೂ ಒಂದು ಹೊಸ್ತಿಲು ಉಳಿಯುತ್ತದೆ. ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಚಿತ್ರವನ್ನು ಮಕ್ಕಳ ಹಾಳೆಯಲ್ಲಿ ಅಚ್ಚು ಹಾಕಿಸಬಹುದೇ, ತೆಗೆದವರ ಹೆಸರನ್ನು ಎಲ್ಲಿ ಹೇಗೆ ಹಾಕಬೇಕು ಎಂದು ತಿಳಿಯದೆ ಕೈಬಿಟ್ಟರೆ ಹುಡುಕಾಟ ಗೆದ್ದೂ ಸೋತಂತೆ. ಪರವಾನಗಿಯ ಷರತ್ತು ಅವರ ನುಡಿಯಲ್ಲಿ, ನಾಲ್ಕು ಸರಳ ವಾಕ್ಯದಲ್ಲಿ, ಫೋನಿನ ಪರದೆಯಲ್ಲೇ ಓದುವಂತಿರಬೇಕು. ಬಳಕೆಗೆ ಸುಲಭ ಎನ್ನುವುದು ಗುಂಡಿಗಳ ಬಣ್ಣಕ್ಕಿಂತ ಹೆಚ್ಚಾಗಿ ಈ ಧೈರ್ಯ ಕೊಡುವ ಮಾತು.

ಆದರೆ ಎಲ್ಲವೂ ಸುಲಭವಾಗಿ ಸಿಗುವುದು ಎಲ್ಲ ಸಂದರ್ಭದಲ್ಲೂ ಒಳ್ಳೆಯದೇ? ಇದನ್ನು ಕೇಳಿಕೊಳ್ಳದೆ ಈ ಚಿಂತನೆ ಮುಗಿಯದು. ಜಾತ್ರೆಯ ಗುಂಪಿನಲ್ಲಿ ಸಿಕ್ಕ ಒಂದು ಮಗುವಿನ ಮುಖ ಹೆಸರಿಲ್ಲದೆ ಇರುವವರೆಗೆ ಅದು ಜಾತ್ರೆಯ ಭಾಗ. ಹೆಸರು, ಊರು, ಅಕ್ಷಾಂಶ ರೇಖಾಂಶ ಸೇರಿದರೆ ಅದು ಆ ಮಗುವಿನ ದಾಖಲೆ. ಪಶ್ಚಿಮ ಘಟ್ಟದ ಅಪರೂಪದ ಆರ್ಕಿಡ್ ಹೂವಿನ ನಿಖರವಾದ ಜಾಗ ಸಸ್ಯವಿಜ್ಞಾನಿಗೆ ಎಷ್ಟು ಉಪಯೋಗವೋ, ಕಿತ್ತು ಮಾರುವವರಿಗೂ ಅಷ್ಟೇ ಉಪಯೋಗ. ಐನ್ಯಾಚುರಲಿಸ್ಟ್ ಎಂಬ ಜೀವವೈವಿಧ್ಯದ ಜಾಲತಾಣ ಅಳಿವಿನಂಚಿನ ಜೀವಿಗಳ ಸ್ಥಳವನ್ನು ಬೇಕೆಂದೇ ಮಸುಕುಮಾಡಿ ತೋರಿಸುತ್ತದೆ. ಹುಡುಕುವವರನ್ನು ಊಹಿಸಿಕೊಳ್ಳುವುದೆಂದರೆ ಒಳ್ಳೆಯ ವಿದ್ಯಾರ್ಥಿನಿಯನ್ನು ಮಾತ್ರ ಊಹಿಸಿಕೊಳ್ಳುವುದಲ್ಲ. ಯಾವುದನ್ನು ಬರೆಯಬೇಕು ಎಂಬಷ್ಟೇ ಗಟ್ಟಿಯಾಗಿ ಯಾವುದನ್ನು ಬರೆಯಬಾರದು ಎಂದೂ ಗೊತ್ತಿರುವವರೇ ಒಳ್ಳೆಯ ಸೂಚಿಕಾರರು.

ಈ ಎರಡರ ನಡುವೆ ನಡೆಯುವಾಗ ನನ್ನ ಕೈಗೆ ಸಿಕ್ಕ ಒಂದು ಊರುಗೋಲಿದೆ. ಚಿತ್ರದ ಬಗ್ಗೆ ಅಪರೂಪದ ಸಂಗತಿಗಳನ್ನು ಬರೆಯುವ ಉತ್ಸಾಹ ನಮಗೆ ತಾನಾಗಿ ಬರುತ್ತದೆ: ದೇವಾಲಯ ಕಟ್ಟಿಸಿದ್ದು ವಿಷ್ಣುವರ್ಧನ, ಪ್ರತಿಷ್ಠೆಯಾದದ್ದು 1117ರಲ್ಲಿ, ಹೀಗೆ. ಅವು ಪುಸ್ತಕಗಳಲ್ಲಿ ಹೇಗೂ ಉಳಿಯುತ್ತವೆ. ಮೊದಲು ಕಳೆದುಹೋಗುವುದು ಇವತ್ತು ಎಲ್ಲರಿಗೂ ಗೊತ್ತಿರುವ ಸಂಗತಿ. ಸಂತೆಯಲ್ಲಿ ಸೇರಿನಲ್ಲಿ ಅಳೆಯುತ್ತಿದ್ದದ್ದು ಯಾವ ಕಾಳು, ಬಸ್ ನಿಲ್ದಾಣದಲ್ಲಿ ಆ ಹಸಿರು ಬಣ್ಣದ ಡಬ್ಬಿ ಯಾತಕ್ಕೆ, ಮದುವೆ ಮನೆಯಲ್ಲಿ ಆ ಹೆಂಗಸು ಹಿಡಿದ ಪಾತ್ರೆಗೆ ಏನನ್ನುತ್ತಿದ್ದರು. ಇವನ್ನು ಯಾರೂ ಬರೆಯುವುದಿಲ್ಲ, ಯಾಕೆಂದರೆ ಕೇಳುವವರು ಇನ್ನೂ ಹುಟ್ಟಿಲ್ಲ. ಫ್ಲಿಕರ್‌ನಲ್ಲಿ ಜನ ಕಷ್ಟಪಟ್ಟು ಗುರುತಿಸಿದ್ದರಲ್ಲಿ ಹೆಚ್ಚಿನವು ಆ ಫೋಟೊ ತೆಗೆದ ದಿನ ಬೀದಿಯಲ್ಲಿ ಹೋಗುವ ಯಾರನ್ನು ಕೇಳಿದ್ದರೂ ಸಿಗುತ್ತಿದ್ದ ಉತ್ತರಗಳೇ.

ಹಾಗಾಗಿ ಈಗ ಒಂದು ಚಿತ್ರಕ್ಕೆ ವಿವರಣೆ ಬರೆಯುವಾಗ ನಾನು ನನ್ನ ತಿಳಿವಳಿಕೆಯ ತುದಿಯಿಂದ ಶುರುಮಾಡುವುದಿಲ್ಲ, ಬುಡದಿಂದ ಶುರುಮಾಡುತ್ತೇನೆ. ಇದು ಯಾವ ಊರು, ಯಾವ ತಿಂಗಳು, ಕೈಯಲ್ಲಿರುವುದು ಏನು, ಅದನ್ನು ಇಲ್ಲಿ ಏನೆಂದು ಕರೆಯುತ್ತಾರೆ. ಬರೆಯುವಾಗ ‘ಇದನ್ನೆಲ್ಲ ಹೇಳಬೇಕೆ, ಯಾರಿಗೆ ಗೊತ್ತಿಲ್ಲ?’ ಎಂದು ಮನಸ್ಸು ಗೊಣಗಿದರೆ, ಬರೆಯಲೇಬೇಕಾದ ವಿವರ ಅದೇ ಎಂದು ತಿಳಿದುಕೊಳ್ಳುತ್ತೇನೆ.